ಮಳೆಗಾಲದ ಬೈಕ್ ಗ್ಲೌಸ್: ಬೆವರು ಎತ್ತ ಹೋಗಬೇಕು?

ಬೈಕ್ ಗ್ಲೌಸ್ ಕೊಳ್ಳಲು ಹೋದರೆ ಅಂಗಡಿಯವರ ಮಾತು ಒಂದೇ: "ವಾಟರ್‌ಪ್ರೂಫ್ ಸರ್, ಬ್ರೀದಬಲ್ ಕೂಡ. ಮಳೆ ಒಳಗೆ ಬರಲ್ಲ, ಬೆವರು ಹೊರಗೆ ಹೋಗುತ್ತೆ." ಮಳೆಯ ವಿಷಯ ಸರಿ. ಬೆವರಿನ ವಿಷಯ ಜುಲೈ ತಿಂಗಳ ಮಂಗಳೂರಿನಲ್ಲಿ ಅರ್ಧ ಸುಳ್ಳು.

ಇಂಥ ಗ್ಲೌಸ್‌ನಲ್ಲಿ ಒಂದು ತೆಳು ಪೊರೆ ಇರುತ್ತದೆ. ಅಂಥ ಪೊರೆಗಳಲ್ಲಿ ಹೆಸರುವಾಸಿಯಾದ ಗೋರ್‌ಟೆಕ್ಸ್‌ನ ಕಥೆಯೇ ಸೊಗಸು. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಫ್ರಿಜ್‌ಗೆ ಬೇಕಾದ ಅನಿಲ ಹುಡುಕುತ್ತಿದ್ದಾಗ ಸಿಲಿಂಡರಿನಲ್ಲಿ ಬಿಳಿ ಪುಡಿ ಸಿಕ್ಕಿತು. ಅದೇ ಟೆಫ್ಲಾನ್. 1969ರಲ್ಲಿ ಬಾಬ್ ಗೋರ್ ಬಿಸಿ ಮಾಡಿದ ಟೆಫ್ಲಾನ್ ಕಡ್ಡಿಗಳನ್ನು ಮೆಲ್ಲಗೆ ಎಳೆದು ನೋಡುತ್ತಿದ್ದ. ಎಲ್ಲ ತುಂಡಾದವು. ರೋಸಿಹೋಗಿ ಒಂದನ್ನು ರಪ್ಪನೆ ಎಳೆದ. ಅದು ತುಂಡಾಗಲಿಲ್ಲ, ಸುಮಾರು ಎಂಟು ಪಟ್ಟು ಹಿಗ್ಗಿತು! ಗೋರ್‌ಟೆಕ್ಸ್ ಹುಟ್ಟಿದ್ದು ಹೀಗೆ. ಅದರ ತೂತುಗಳಲ್ಲಿ ಮಳೆಹನಿ ತೂರುವುದಿಲ್ಲ, ನೀರಾವಿಯ ಅಣು ಆರಾಮಾಗಿ ದಾಟುತ್ತದೆ.

ದಾಟುತ್ತದೆ ಸರಿ, ಆದರೆ ಯಾವ ಕಡೆಗೆ? ಪೊರೆಗೆ ಒಳಗು ಹೊರಗು ಗೊತ್ತಿಲ್ಲ. ಆವಿಯ ಒತ್ತಡ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಆವಿ ಹೋಗುತ್ತದೆ, ಅಷ್ಟೇ. 33 ಡಿಗ್ರಿಯ ಬೆವರಿದ ಕೈ ಹತ್ತಿರ ಈ ಒತ್ತಡ ಸುಮಾರು 50 ಹೆಕ್ಟೊಪಾಸ್ಕಲ್. ಯುರೋಪಿನ 8 ಡಿಗ್ರಿ ಮಳೆಯಲ್ಲಿ ಹೊರಗಿನ ಗಾಳಿಯದು 11 ಮಾತ್ರ. ಬೆವರನ್ನು ತಳ್ಳಲು 39ರ ವ್ಯತ್ಯಾಸ ಸಿಕ್ಕಿತು. ನಮ್ಮ ಕರಾವಳಿಯಲ್ಲಿ 27 ಡಿಗ್ರಿ ಸೆಕೆ, ತೇವಾಂಶ ಶೇಕಡಾ 90. ಹೊರಗೇ 32 ಇದೆ. ಉಳಿದದ್ದು 18. ಆಷಾಢದಲ್ಲಿ ಹಗ್ಗದ ಮೇಲಿನ ಬಟ್ಟೆ ಒಣಗದೆ ಮುಗ್ಗಲು ಹಿಡಿಯುತ್ತದಲ್ವಾ, ಅದಕ್ಕೂ ಕಾರಣ ಇದೇ. ಸಾಲದ್ದಕ್ಕೆ ಗ್ಲೌಸ್‌ನ ಹೊರಬಟ್ಟೆ ಪೂರ್ತಿ ನೆನೆದರೆ ಆವಿಗೆ ಆ ದಾರಿಯೂ ಕಟ್ಟಿದಂತೆ. ಅಂಗೈ ಬೆವರಲು ಸೆಕೆಯೇ ಬೇಕಿಲ್ಲ, ಎದುರಿಗೆ ಲಾರಿ ಬಂದರೂ ಸಾಕು.

ಹಾಗಾಗಿ ಬೆಚ್ಚಗಿನ ಮಳೆಗೆ ನನ್ನ ಓಟು ಮೆಶ್ ಗ್ಲೌಸ್‌ಗೆ, ಅಂದರೆ ಗಾಳಿಯಾಡುವ ಜಾಲರಿ ಬಟ್ಟೆಯ ಗ್ಲೌಸ್‌ಗೆ. ನೆನೆಯುತ್ತದೆ, ನೆನೆಯಲಿ. ಮಳೆ ನಿಂತ ಮೇಲೆ ಬೈಕ್ ಓಡುವಾಗ ಗಾಳಿಗೆ ಒಣಗುತ್ತದೆ. ಒಳಗೆ ಲೈನಿಂಗ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಒದ್ದೆ ಕೈ ತೆಗೆದಾಗ ಲೈನಿಂಗ್ ಬೆರಳಿಗಂಟಿ ಹೊರಬಂದರೆ, ಅದನ್ನು ಮತ್ತೆ ಒಳಗೆ ಸೇರಿಸುವಷ್ಟರಲ್ಲಿ ಸಿಗ್ನಲ್ ಎರಡು ಸಲ ಹಸಿರಾಗುತ್ತದೆ. ಅಂಗೈಗೆ ಸಿಂಥೆಟಿಕ್ ಲೆದರ್ ಸಾಕು. ನಿಜವಾದ ಚರ್ಮ ನೆನೆದರೆ ಬಣ್ಣ ಬಿಟ್ಟೀತು, ಒಣಗಿದ ಮೇಲೆ ಗಡುಸಾದೀತು.

ಮೆಶ್ ಅಂತ ಸುಮ್ನೆ ಏನೋ ಒಂದನ್ನು ತರಬೇಡಿ. ಇಎನ್ 13594 ಎಂಬ ಯುರೋಪಿಯನ್ ಮಾನದಂಡದ ಲೇಬಲ್ ಇದೆಯೇ ನೋಡಿ. ಅಂಗೈ ಬುಡದಲ್ಲಿ, ರಸ್ತೆ ಮೇಲೆ ಜಾರುವಂಥ ಗಟ್ಟಿ ಪಟ್ಟಿ ಇರಲಿ. ಬಿದ್ದಾಗ ನಾವು ಮೊದಲು ಕೈ ಊರುತ್ತೇವೆ. ಕೈ ರಸ್ತೆಗೆ ಕಚ್ಚಿಕೊಂಡರೆ ಏಟು ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆಗೆ. ಅದಕ್ಕೆ ರಕ್ತದ ಹರಿವು ಕಡಿಮೆ, ಕೂಡಿಕೊಳ್ಳಲು ತಿಂಗಳುಗಟ್ಟಲೆ ಬೇಕಾಗುತ್ತದೆ.

ಚಾರ್ಮಾಡಿ ಘಾಟಿ ಹತ್ತಿದ ಮೇಲೆ ಲೆಕ್ಕ ಬೇರೆ. ಅಲ್ಲಿ ಚಳಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಅದರಲ್ಲಿ ಹೆಚ್ಚಿನದನ್ನು ಒದ್ದೆ ಮೆಶ್ ನಿಮ್ಮ ಬೆರಳಿನಿಂದಲೇ ಕೀಳುತ್ತದೆ. ಮರಗಟ್ಟಿದ ಬೆರಳಿಗೆ ಬ್ರೇಕ್ ಲಿವರ್ ತಿಳಿಯುವುದಿಲ್ಲ. ಅದಕ್ಕೇ ಮೆಶ್ ಮೇಲೆ ಏರಿಸಲು ಸಡಿಲವಾದ ರಬ್ಬರ್ ಗ್ಲೌಸ್ ಬ್ಯಾಗಿನಲ್ಲಿರಲಿ. ಬೆವರುತ್ತದೆ ನಿಜ, ಗಾಳಿ ಮಾತ್ರ ತಾಗುವುದಿಲ್ಲ. ರೇನ್‌ಕೋಟಿನ ತೋಳು ಗ್ಲೌಸ್‌ನ ಮೇಲೆ ಬರುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ತೋಳಿನಿಂದ ಇಳಿದ ನೀರೆಲ್ಲ ಗ್ಲೌಸ್ ಸೇರುತ್ತದೆ. ಗ್ಲೌಸ್ ನಿಜಕ್ಕೂ ವಾಟರ್‌ಪ್ರೂಫ್ ಆಗಿದ್ದರೆ ಅಲ್ಲಿಂದ ಹೊರಗೆ ಹೋಗುವುದೂ ಇಲ್ಲ.