ಬೆನ್ನುಮೂಳೆಯ ಕ್ಷಯ: ಮುಂದಿನಿಂದಲೋ, ಹಿಂದಿನಿಂದಲೋ, ಶಸ್ತ್ರವೇ ಬೇಡವೋ

ಬೆನ್ನುಮೂಳೆಗೆ ಕ್ಷಯ ತಗುಲಿದಾಗ ಶಸ್ತ್ರಚಿಕಿತ್ಸೆ ಬೇಕೇ, ಬೇಕಾದರೆ ಯಾವ ಕಡೆಯಿಂದ ಮಾಡಬೇಕು ಎಂಬ ವಾದ ನೂರು ವರ್ಷಕ್ಕೂ ಹಳೆಯದು. ಅದರ ಮೂಲ ದೇಹರಚನೆಯಲ್ಲೇ ಇದೆ. ಕ್ಷಯದ ರೋಗಾಣು ಸಾಮಾನ್ಯವಾಗಿ ತಿನ್ನುವುದು ಬೆನ್ನುಮಣಿಯ ಮುಂಭಾಗವನ್ನು, ಅಂದರೆ ದೇಹದ ಭಾರ ಹೊರುವ ದಪ್ಪ ಮೂಳೆಯನ್ನು. ಹಿಂಭಾಗದ ಕಮಾನು ಬಹುತೇಕ ಹಾಗೆಯೇ ಉಳಿಯುತ್ತದೆ. ಮುಂಭಾಗ ಕುಸಿದಂತೆಲ್ಲ ಬೆನ್ನು ಬಾಗಿ ಗೂನು ಮೂಡುತ್ತದೆ, ಕೀವು ಮತ್ತು ಸತ್ತ ಮೂಳೆಯ ಚೂರುಗಳು ಹಿಂದಕ್ಕೆ ಸರಿದು ಬೆನ್ನುಹುರಿಯನ್ನು ಒತ್ತುತ್ತವೆ. ಶಸ್ತ್ರವೈದ್ಯರ ಕೈಗೆ ಸುಲಭವಾಗಿ ಸಿಗುವುದು ಬೆನ್ನಿನ ಕಡೆ. ರೋಗ ಕುಳಿತಿರುವುದು ಎದೆಗೂಡಿನ ಅಥವಾ ಹೊಟ್ಟೆಯ ಆಳದಲ್ಲಿ, ಮಹಾಧಮನಿಯ ಮಗ್ಗುಲಲ್ಲಿ.

ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಗೂನಿಗೂ ಕಾಲುಗಳ ಸ್ವಾಧೀನ ತಪ್ಪುವುದಕ್ಕೂ ಇರುವ ನಂಟನ್ನು ವಿವರಿಸಿದಾಗ ರೋಗಾಣುವಿನ ಸುಳಿವೇ ಇರಲಿಲ್ಲ. ರಾಬರ್ಟ್ ಕಾಕ್ ಅದನ್ನು ತೋರಿಸಿದ್ದು 1882ರಲ್ಲಿ. ಗೂನಿನ ಅಕ್ಕಪಕ್ಕದ ಚರ್ಮವನ್ನು ಸುಟ್ಟು ಹುಣ್ಣು ಮಾಡಿ, ಅದರಿಂದ ಕೀವು ಹರಿಯುವಂತೆ ಮಾಡುವುದು ಪಾಟ್ ಹೇಳಿದ ಮದ್ದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುರಿಯ ಮೇಲಿನ ಒತ್ತಡ ಇಳಿಸಲು ಹಿಂದಿನ ಕಮಾನನ್ನೇ ಕತ್ತರಿಸಿ ತೆಗೆಯುವ ಲ್ಯಾಮಿನೆಕ್ಟಮಿ ಬಂತು. ಒತ್ತುತ್ತಿರುವುದು ಮುಂದಿನಿಂದ, ಕಮಾನು ತೆಗೆದದ್ದು ಹಿಂದಿನಿಂದ. ಒತ್ತಡ ಹಾಗೆಯೇ ಉಳಿಯಿತು, ಗಟ್ಟಿಯಾಗಿ ಉಳಿದಿದ್ದ ಒಂದೇ ಆಸರೆಯೂ ಹೋಗಿ ಗೂನು ಇನ್ನಷ್ಟು ಹೆಚ್ಚಿತು. ರೋಗ ಹಿಂದಿನ ಕಮಾನಿನಲ್ಲೇ ಇರುವಂಥ ಅಪರೂಪದ ಪ್ರಕರಣಗಳನ್ನು ಬಿಟ್ಟರೆ ಬರಿಯ ಲ್ಯಾಮಿನೆಕ್ಟಮಿಯನ್ನು ಇಂದು ಯಾರೂ ಸಮರ್ಥಿಸುವುದಿಲ್ಲ. ಫ್ರಾನ್ಸಿನ ವಿಕ್ಟರ್ ಮೆನಾರ್ 1894ರಲ್ಲಿ ಪಕ್ಕೆಲುಬಿನ ತುಂಡೊಂದನ್ನು ತೆಗೆದು ಪಕ್ಕದಿಂದ ಕೀವಿಗೆ ದಾರಿ ಮಾಡಿದಾಗ ಕಾಲುಗಳಿಗೆ ಬಲ ಮರಳಿದ್ದು ಕಂಡಿತು. ಆದರೆ ಗಾಯ ಮಾಯದೆ ಸೋರುವ ನಾಳಗಳಾಗಿ, ಬೇರೆ ಸೋಂಕು ಸೇರಿ ರೋಗಿಗಳು ಸಾಯತೊಡಗಿದ್ದರಿಂದ ಆ ದಾರಿಯೂ ಮುಚ್ಚಿತು. ರೋಗದ ಜಾಗವನ್ನು ಮುಟ್ಟದಿರುವುದೇ ಲೇಸೆಂಬ ನಂಬಿಕೆ ಬಲವಾಯಿತು. 1911ರಲ್ಲಿ ನ್ಯೂಯಾರ್ಕಿನ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬೀ ಬೇರೆ ಬೇರೆಯಾಗಿ ರೂಪಿಸಿದ, ಹಿಂಭಾಗದ ಮೂಳೆಗಳನ್ನು ಒಂದಕ್ಕೊಂದು ಬೆಸೆಯುವ ಶಸ್ತ್ರಚಿಕಿತ್ಸೆ ಆ ನಂಬಿಕೆಗೆ ಒಪ್ಪುವಂಥದ್ದೇ ಆಗಿತ್ತು.

ಮುಂದಿನಿಂದಲೇ ಹೋಗುವ ಪ್ರಯತ್ನವನ್ನು ಜಪಾನಿನ ಇಟೋ ಮತ್ತು ಸಂಗಡಿಗರು 1934ರಲ್ಲಿ ವರದಿ ಮಾಡಿದರು. ಆದರೆ ಆ ದಾರಿ ನಿಜವಾಗಿ ತೆರೆದದ್ದು 1944ರ ಸ್ಟ್ರೆಪ್ಟೊಮೈಸಿನ್ ಮತ್ತು 1952ರ ಐಸೊನಿಯಜಿಡ್ ಎಂಬ ಕ್ಷಯದ ಔಷಧಗಳು ಬಂದ ನಂತರ. ಹಾಂಗ್‌ಕಾಂಗಿನ ಆರ್ಥರ್ ಹಾಡ್ಜ್‌ಸನ್ ಮತ್ತು ಫ್ರಾನ್ಸಿಸ್ ಸ್ಟಾಕ್ 1956ರಲ್ಲಿ ಪ್ರಕಟಿಸಿದ ವಿಧಾನ 'ಹಾಂಗ್‌ಕಾಂಗ್ ಆಪರೇಶನ್' ಎಂದೇ ಹೆಸರಾಯಿತು. ಎದೆ ತೆರೆದು, ಶ್ವಾಸಕೋಶವನ್ನು ಪಕ್ಕಕ್ಕೆ ಸರಿಸಿ, ಕೀವು, ಹಾಳಾದ ಡಿಸ್ಕ್ (ಮಣಿಗಳ ನಡುವಿನ ಮೆತ್ತೆ), ಸತ್ತ ಮೂಳೆ ಎಲ್ಲವನ್ನೂ ಬೆನ್ನುಹುರಿಯ ಹೊದಿಕೆ ಕಾಣುವವರೆಗೆ, ಮೇಲೆ ಕೆಳಗೆ ರಕ್ತ ಜಿನುಗುವ ಆರೋಗ್ಯವಂತ ಮೂಳೆ ಸಿಗುವವರೆಗೆ ಕೆರೆದು ತೆಗೆಯಬೇಕು. ನಡುವಿನ ಖಾಲಿ ಜಾಗಕ್ಕೆ ರೋಗಿಯದೇ ಪಕ್ಕೆಲುಬಿನ ಅಥವಾ ಸೊಂಟದ ಮೂಳೆಯ ತುಂಡನ್ನು ಊರುಗೋಲಿನಂತೆ ಬಿಗಿಯಾಗಿ ನಿಲ್ಲಿಸಬೇಕು. ನುರಿತ ಕೈ, ಒಳ್ಳೆಯ ಅರಿವಳಿಕೆ, ರಕ್ತನಿಧಿ ಮೂರೂ ಇಲ್ಲದ ಊರಿನಲ್ಲಿ ಇದು ಆಗುವ ಕೆಲಸವಲ್ಲ.

ಅದೇ ಹೊತ್ತಿಗೆ ನೈಜೀರಿಯಾದ ಇಬಾದಾನ್‌ನಲ್ಲಿ ಕಾನ್‌ಸ್ಟಮ್ ಎಂಬ ವೈದ್ಯರು, ಹಾಸಿಗೆಗಳ ಕೊರತೆಯಿಂದಾಗಿ, ರೋಗಿಗಳನ್ನು ಮಲಗಿಸದೆ ಬರಿಯ ಮಾತ್ರೆಗಳಲ್ಲೇ ಗುಣಪಡಿಸುತ್ತಿದ್ದರು. ಎರಡು ತುದಿಯ ಈ ವಾದಗಳನ್ನು ತೂಗಿ ನೋಡಲು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1960ರ ದಶಕದಿಂದ ಕೊರಿಯಾ, ರೊಡೇಶಿಯಾ (ಇಂದಿನ ಜಿಂಬಾಬ್ವೆ), ಹಾಂಗ್‌ಕಾಂಗ್, ಆಮೇಲೆ ಮದ್ರಾಸಿನಲ್ಲಿ ಪ್ರಯೋಗಗಳನ್ನು ನಡೆಸಿತು. ಆಸ್ಪತ್ರೆಯಲ್ಲಿ ಮಲಗಿಸುವುದರಿಂದಾಗಲಿ ಪ್ಲಾಸ್ಟರ್ ಕವಚದಿಂದಾಗಲಿ ಹೆಚ್ಚಿನ ಲಾಭವಿಲ್ಲವೆಂದು ಕೊರಿಯಾದಲ್ಲಿ ತಿಳಿಯಿತು. ಹಾಂಗ್‌ಕಾಂಗಿನಲ್ಲಿ ಬರಿಯ ಕೆರೆಯುವಿಕೆಗಿಂತ ಕಸಿ ಸಹಿತದ ಪೂರ್ಣ ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ಬೇಗ ಬೆಸೆಯಿತು, ಗೂನೂ ಕಡಿಮೆ ಉಳಿಯಿತು. ಮದ್ರಾಸಿನ ಹತ್ತು ವರ್ಷಗಳ ಫಲಿತಾಂಶ 1999ರಲ್ಲಿ ಬಂದಾಗ ಶಸ್ತ್ರಚಿಕಿತ್ಸೆಯ ಜೊತೆ ಆರು ತಿಂಗಳ ಔಷಧ ಪಡೆದವರಲ್ಲಿ 90%, ಬರಿಯ ಔಷಧವನ್ನು ಆರು ತಿಂಗಳು ಪಡೆದವರಲ್ಲಿ 94%, ಒಂಬತ್ತು ತಿಂಗಳು ಪಡೆದವರಲ್ಲಿ 99% ಮಂದಿ ಉತ್ತಮ ಸ್ಥಿತಿಯಲ್ಲಿದ್ದರು.

ಈ ಅಂಕಿಗಳನ್ನು ಮುಂದಿಟ್ಟು ಶಸ್ತ್ರಚಿಕಿತ್ಸೆ ಬೇಡವೆನ್ನುವವರು ಎರಡು ಸಂಗತಿಗಳನ್ನು ಮರೆಯಬಾರದು. ನಡೆಯಲಾಗದಷ್ಟು ಕಾಲಿನ ಬಲ ಕುಂದಿದ್ದವರನ್ನು ಈ ಪ್ರಯೋಗಗಳಿಗೆ ಸೇರಿಸಿಕೊಂಡಿರಲೇ ಇಲ್ಲ. ಎರಡನೆಯದು ಇನ್ನೂ ಮುಖ್ಯ: 'ಉತ್ತಮ ಸ್ಥಿತಿ' ಎಂದರೆ ರೋಗ ಶಮನವಾಗಿರುವುದು, ಕೀವಿಲ್ಲದಿರುವುದು, ನರದೌರ್ಬಲ್ಯವಿಲ್ಲದೆ ಓಡಾಡುವಂತಿರುವುದು, ಗೂನು ಎಷ್ಟು ಡಿಗ್ರಿ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ರೋಗ ಗುಣವಾದವನ ಬೆನ್ನು ಬಾಗಿಯೇ ಇರಬಹುದು, ಬಹಳ ಬಾಗಿದರೆ ಎಷ್ಟೋ ವರ್ಷಗಳ ನಂತರವೂ ಹುರಿ ಸೆಳೆದು ಕಾಲುಗಳು ಸೋಲಬಹುದು. ಮಕ್ಕಳಲ್ಲಂತೂ ರೋಗ ಮಾಯ್ದ ಮೇಲೂ ಬೆಳವಣಿಗೆಯ ಜೊತೆಗೇ ಗೂನು ಹೆಚ್ಚುವುದುಂಟು. ಮದ್ರಾಸಿನ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಶಸ್ತ್ರವೈದ್ಯ ಎಸ್. ರಾಜಶೇಖರನ್, ಯಾವ ಮಗುವಿನ ಬೆನ್ನು ಅಪಾಯದಲ್ಲಿದೆ ಎಂದು ಎಕ್ಸ್‌ರೇಯಲ್ಲೇ ಗುರುತಿಸುವ ನಾಲ್ಕು ಲಕ್ಷಣಗಳನ್ನು 2001ರಲ್ಲಿ ಪಟ್ಟಿ ಮಾಡಿದರು. ಹಾಂಗ್‌ಕಾಂಗ್ ವಿಧಾನದ ಮಿತಿಯನ್ನು ತೋರಿಸಿದವರಲ್ಲೂ ಅವರು ಒಬ್ಬರು: ಕಸಿ ಮಾಡಿದ ಮೂಳೆ ಎರಡು ಡಿಸ್ಕ್‌ಗಳ ಅಂತರವನ್ನು ಮೀರಿದರೆ ಅದು ಜಾರುವುದು, ಮುರಿಯುವುದು ಹೆಚ್ಚು.

ವಾರಾಣಸಿಯ ಮೂಳೆವೈದ್ಯ ಎಸ್. ಎಂ. ತುಳಿ 1975ರಲ್ಲಿ ಮಂಡಿಸಿದ 'ಮಧ್ಯಮ ಮಾರ್ಗ' ಭಾರತದ ಆಸ್ಪತ್ರೆಗಳಿಗೆ ಹೊಂದುವ ಉತ್ತರವಾಗಿತ್ತು. ಎಲ್ಲರಿಗೂ ಮೊದಲು ಔಷಧ. ಕೆಲವು ವಾರಗಳಲ್ಲಿ ಕಾಲಿನ ಬಲ ಸುಧಾರಿಸದಿದ್ದರೆ, ಔಷಧದ ನಡುವೆಯೂ ಕ್ಷೀಣಿಸಿದರೆ ಮಾತ್ರ ಶಸ್ತ್ರಚಿಕಿತ್ಸೆ. ಇಂದಿನ ಬಹುಪಾಲು ವೈದ್ಯರ ರೂಢಿ ಇದರ ಮೇಲೆಯೇ ನಿಂತಿದೆ, ಗೂನಿನ ಅಪಾಯವನ್ನೂ ಈಗ ಕಾರಣಗಳ ಸಾಲಿಗೆ ಸೇರಿಸಲಾಗಿದೆ.

ಸೋಂಕಿರುವ ಜಾಗದಲ್ಲಿ ಲೋಹ ಇಡಬಾರದೆಂಬ ಭಯ 1990ರ ದಶಕದಲ್ಲಿ ಕರಗಿತು. ಕ್ಷಯದ ರೋಗಾಣು ಇತರ ಬ್ಯಾಕ್ಟೀರಿಯಾಗಳಂತೆ ಲೋಹದ ಮೇಲೆ ದಟ್ಟ ಪದರವಾಗಿ ಅಂಟುವುದಿಲ್ಲವೆಂದು ಕಂಡ ಮೇಲೆ ಹಿಂದಿನಿಂದ ಬೆನ್ನುಮಣಿಯೊಳಕ್ಕೆ ಬಿಗಿಯುವ ಪೆಡಿಕಲ್ ಸ್ಕ್ರೂ ಮತ್ತು ಸರಳುಗಳು ಸಾಮಾನ್ಯವಾದವು. ಮುಂದಿನಿಂದ ರೋಗ ತೆಗೆದು ಹಿಂದಿನಿಂದ ಸ್ಕ್ರೂ ಬಿಗಿಯುವ ಎರಡು ಹಂತದ ಪದ್ಧತಿ ಮೊದಲು ಬಂತು. ಈಗ ಎದೆ ಮತ್ತು ಸೊಂಟದ ಭಾಗದಲ್ಲಿ ಎರಡನ್ನೂ ಹಿಂದಿನಿಂದಲೇ ಮುಗಿಸುವುದು ಹೆಚ್ಚುತ್ತಿದೆ. ಶ್ವಾಸಕೋಶವೂ ಕ್ಷಯದಿಂದ ಕುಂದಿರುವ ರೋಗಿಯ ಎದೆ ತೆರೆಯದೇ ಇರುವುದು ದೊಡ್ಡ ಅನುಕೂಲ, ಗೂನನ್ನು ನೇರಗೊಳಿಸಲು ಸಿಗುವ ಹಿಡಿತವೂ ಹೆಚ್ಚು. ಆದರೆ ಈ ಪದ್ಧತಿಗಳನ್ನು ಹೋಲಿಸುವ ಅಧ್ಯಯನಗಳಲ್ಲಿ ಹೆಚ್ಚಿನವು ಆಸ್ಪತ್ರೆಯ ಹಳೆಯ ಕಡತಗಳನ್ನು ತಿರುವಿ ಮಾಡಿದವು. ಯಾರಿಗೆ ಯಾವ ದಾರಿ ಎಂದು ಚೀಟಿ ಎತ್ತಿ ನಿರ್ಧರಿಸಿದ ಮದ್ರಾಸ್ ಮಾದರಿಯ ಪ್ರಯೋಗಗಳ ತೂಕ ಅವಕ್ಕಿಲ್ಲ. ಕುತ್ತಿಗೆಯ ಮಣಿಗಳ ವಿಷಯದಲ್ಲಿ ಮಾತ್ರ ವಾದ ಅಷ್ಟಿಲ್ಲ: ಅಲ್ಲಿ ಅನ್ನನಾಳ ಮತ್ತು ರಕ್ತನಾಳಗಳ ನಡುವಿನ ಸಂದಿಯಿಂದ ಮಣಿಯ ಮುಂಭಾಗ ನೇರವಾಗಿ ಸಿಗುವುದರಿಂದ ಮುಂದಿನ ದಾರಿಯೇ ಇಂದಿಗೂ ಮೊದಲ ಆಯ್ಕೆ.