ಯಾವ ಊರು ದೊಡ್ಡ ನಗರ? ಕೊಡಗಿನ ಊರುಗಳನ್ನಿಟ್ಟುಕೊಂಡು ಒಂದು ಅಧ್ಯಯನ ಟಿಪ್ಪಣಿ

ಭೂಗೋಳದಲ್ಲಿ ನಗರೀಕರಣದ ಪಾಠ ಓದುವಾಗ ಉದಾಹರಣೆಗಳೆಲ್ಲ ಮುಂಬೈ, ದೆಹಲಿ, ಬೆಂಗಳೂರು. ಕೊಡಗಿನಲ್ಲಿ ಕೂತು ಓದುವವರಿಗೆ ಇದೆಲ್ಲ ದೂರದ ಸುದ್ದಿ ಅನ್ನಿಸುತ್ತದೆ. 2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಪಟ್ಟಣಗಳಲ್ಲಿ ಇರುವವರು ನೂರಕ್ಕೆ 15 ಜನವೂ ಇಲ್ಲ. ರಾಜ್ಯದಲ್ಲೇ ಅತಿ ಕಡಿಮೆ. ಆದರೂ ಈ ಪಾಠಕ್ಕೆ ನಮ್ಮ ಜಿಲ್ಲೆಯೇ ಒಳ್ಳೆ ಉದಾಹರಣೆ ಅಂತ ನನ್ನ ಅಭಿಪ್ರಾಯ. ಮುಂಬೈ ದೊಡ್ಡ ನಗರವೋ ಅಲ್ಲವೋ ಅಂತ ಯಾರೂ ಜಗಳ ಆಡುವುದಿಲ್ಲ. ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದಂಥ ಊರುಗಳಲ್ಲೇ ಅಳತೆಗೋಲು ಎಲ್ಲಿ ಬಾಗುತ್ತದೆ ಅಂತ ಗೊತ್ತಾಗುವುದು.

ಮೊದಲೇ ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಊರು ದೊಡ್ಡದೋ ಸಣ್ಣದೋ ಅನ್ನುವುದು ಕೇಳುವವರು ಯಾರು, ಯಾವ ಕೆಲಸಕ್ಕೆ ಕೇಳುತ್ತಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಗಣತಿಯವರು ಒಂದು ಉತ್ತರ ಕೊಡುತ್ತಾರೆ, ಬ್ಯಾಂಕಿನವರು ಇನ್ನೊಂದು. ಸಂತೆಗೆ ಬಂದವರನ್ನು ಕೇಳಿದರೆ ಮತ್ತೊಂದು.

ತಲೆ ಎಣಿಸುವ ಲೆಕ್ಕ

ಭಾರತದ ಜನಗಣತಿಯಲ್ಲಿ ಒಂದು ಊರು ಪಟ್ಟಣ ಆಗಲು ಎರಡು ದಾರಿ ಇದೆ. ಪಾಲಿಕೆ, ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ, ದಂಡು ಮಂಡಳಿ (ಕಂಟೋನ್ಮೆಂಟ್) ಇಂಥದ್ದೇನಾದರೂ ಇದ್ದರೆ ಅದು ಶಾಸನಬದ್ಧ ಪಟ್ಟಣ. ಅಲ್ಲಿಗೆ ಮುಗಿಯಿತು, ಬೇರೆ ಪರೀಕ್ಷೆ ಇಲ್ಲ. ಇಲ್ಲದಿದ್ದರೆ ಮೂರು ಷರತ್ತು ಒಟ್ಟಿಗೆ ದಾಟಬೇಕು. ಕನಿಷ್ಠ 5,000 ಜನ ಇರಬೇಕು. ಚದರ ಕಿಲೋಮೀಟರಿಗೆ ಕನಿಷ್ಠ 400 ಜನರ ಸಾಂದ್ರತೆ ಇರಬೇಕು. ಮುಖ್ಯ ಕೆಲಸಗಾರ ಗಂಡಸರಲ್ಲಿ ನೂರಕ್ಕೆ 75 ಮಂದಿಯಾದರೂ ಕೃಷಿ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಹೀಗೆ ದಾಟಿದ್ದು ಗಣತಿ ಪಟ್ಟಣ. ಗೋಣಿಕೊಪ್ಪ ಇದಕ್ಕೆ ಚೆಂದದ ಉದಾಹರಣೆ: 2011ರಲ್ಲಿ ಆಡಳಿತ ಗ್ರಾಮ ಪಂಚಾಯಿತಿಯದ್ದು, ಗಣತಿ ಪುಸ್ತಕದಲ್ಲಿ ಮಾತ್ರ ಪಟ್ಟಣ.

ಮೂರನೇ ಷರತ್ತು ಕೊಡಗಿಗೆ ಬಂದಾಗ ತಮಾಷೆಯಾಗುತ್ತದೆ. ಕಾಫಿ ತೋಟದಲ್ಲಿ ಹಣ್ಣು ಕುಯ್ಯುವುದು, ಕಸಿ ಮಾಡುವುದು (ಕಾಫಿ ಗಿಡದ ರೆಂಬೆ ಸವರುವುದು), ನೆರಳಿನ ಮರದ ಕೊಂಬೆ ಕಡಿಯುವ ಮರಗಪಾತು, ಇದೆಲ್ಲ ನಮ್ಮ ಕಣ್ಣಿಗೆ ಕೃಷಿಯೇ ಅಲ್ವಾ? ಆದರೆ ಈಚಿನ ಗಣತಿಗಳ ಕೆಲಸಗಾರರ ವಿಂಗಡಣೆಯಲ್ಲಿ ಪ್ಲಾಂಟೇಶನ್ ಕೆಲಸಗಾರರು ಕೃಷಿ ಕೂಲಿಗಳ ಜೊತೆ ಬರುವುದಿಲ್ಲ. ಶಿಕ್ಷಕರು, ವ್ಯಾಪಾರಿಗಳು, ಸರ್ಕಾರಿ ನೌಕರರು ಇರುವ 'ಇತರೆ ಕೆಲಸಗಾರರು' ಗುಂಪಿನಲ್ಲಿ ಬರುತ್ತಾರೆ. ಪಟ್ಟಣ ಗುರುತಿಸುವಾಗ ತೋಟದ ಕೆಲಸವನ್ನು ಯಾವ ಕಡೆ ಹಾಕಬೇಕು ಎನ್ನುವುದೂ ಗಣತಿಯಿಂದ ಗಣತಿಗೆ ಬದಲಾಗಿದೆ. ಅಂದರೆ ಬರೀ ತೋಟಗಳಿರುವ ಒಂದು ಹಳ್ಳಿ ಕಾಗದದ ಮೇಲೆ ಪಟ್ಟಣದಂತೆ ಕಾಣಬಹುದು. ಅದನ್ನು ತಡೆಯುವುದು ಸಾಂದ್ರತೆ. ನಮ್ಮಲ್ಲಿ ಮನೆಗಳು ಬಯಲುಸೀಮೆ ಹಳ್ಳಿಯಂತೆ ಒತ್ತಾಗಿ ಕೂತಿಲ್ಲ. ಗದ್ದೆ ಬದಿಗೊಂದು ಕುಟುಂಬದ ಮೂಲಮನೆಯಾದ ಐನ್‌ಮನೆ, ತೋಟದೊಳಗೊಂದು ಮನೆ, ಅಷ್ಟು ದೂರದಲ್ಲಿ ತೋಟದ ಕೆಲಸಗಾರರ ಲೈನ್ ಮನೆ. ಜಿಲ್ಲೆಯ ಸಾಂದ್ರತೆ 135. 400 ಮುಟ್ಟುವುದು ಸುಲಭದ ಮಾತಲ್ಲ.

ಪಟ್ಟಣ ಆದಮೇಲೆ ದರ್ಜೆ. 1 ಲಕ್ಷ ಮೇಲ್ಪಟ್ಟರೆ ಒಂದನೇ ದರ್ಜೆ. ಗಣತಿಯವರು 'ಸಿಟಿ' ಅನ್ನುವುದು ಇದನ್ನು ಮಾತ್ರ. ಆಮೇಲೆ 50,000, 20,000, 10,000, 5,000 ಅಂತ ಇಳಿಯುತ್ತಾ ಹೋಗಿ, 5,000ಕ್ಕಿಂತ ಕಡಿಮೆ ಇದ್ದರೆ ಆರನೇ ದರ್ಜೆ. ಮಡಿಕೇರಿಯಲ್ಲಿ 2011ರಲ್ಲಿ ಇದ್ದವರು 33,381 ಜನ. ಅಂದರೆ ಮೂರನೇ ದರ್ಜೆ. ಜಿಲ್ಲೆಯಲ್ಲಿ ಇದೇ ಅತಿ ದೊಡ್ಡ ಊರು.

ರಾಜ್ಯದ ಪೌರಾಡಳಿತದ ಏಣಿ ಬೇರೆ. ಸಾಮಾನ್ಯವಾಗಿ 10ರಿಂದ 20 ಸಾವಿರಕ್ಕೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದರ ಮೇಲೆ ಮಹಾನಗರ ಪಾಲಿಕೆ. ಈ ಲೆಕ್ಕ ಹಿಡಿದರೆ ಮಡಿಕೇರಿ ಪುರಸಭೆ ಆಗಬೇಕಿತ್ತು. ಆದರೆ ಅಲ್ಲಿರುವುದು ನಗರಸಭೆ. ಸೋಮವಾರಪೇಟೆಯಲ್ಲಿ 10 ಸಾವಿರ ಜನ ಇಲ್ಲದಿದ್ದರೂ ಪಟ್ಟಣ ಪಂಚಾಯಿತಿ ಇದೆ. ಒಂದು ಜಿಲ್ಲಾ ಕೇಂದ್ರ, ಇನ್ನೊಂದು ತಾಲ್ಲೂಕು ಕೇಂದ್ರ. ಕಚೇರಿಗೂ ಒಂದು ತೂಕ ಇದೆ, ಬರೀ ತಲೆಗಲ್ಲ.

ಉಳಿದ ಗೆರೆಗಳನ್ನು ಬೇಗ ಮುಗಿಸೋಣ, ಇವು ಒಂದು ಅಂಕದ ಪ್ರಶ್ನೆಗೆ ಸಾಕು. ಬ್ಯಾಂಕ್ ಶಾಖೆಗಳ ಲೆಕ್ಕಕ್ಕೆ ರಿಸರ್ವ್ ಬ್ಯಾಂಕ್ 10 ಸಾವಿರದಿಂದ 1 ಲಕ್ಷದೊಳಗಿನ ಊರನ್ನು ಅರೆನಗರ ಅನ್ನುತ್ತದೆ, ಹಾಗಾಗಿ ಮಡಿಕೇರಿ ಅರೆನಗರ. ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆಗೆ ಎಕ್ಸ್, ವೈ, ಝಡ್ ಅಂತ ಮೂರು ಗುಂಪು: 50 ಲಕ್ಷ ಮೇಲ್ಪಟ್ಟರೆ ಎಕ್ಸ್, 5ರಿಂದ 50 ಲಕ್ಷ ವೈ, ಉಳಿದದ್ದೆಲ್ಲ ಝಡ್. ಬೆಂಗಳೂರು ಎಕ್ಸ್, ಮೈಸೂರು ವೈ, ನಾವು ಝಡ್. ಸಂವಿಧಾನದ 74ನೇ ತಿದ್ದುಪಡಿ 10 ಲಕ್ಷ ಮೇಲ್ಪಟ್ಟ ಪ್ರದೇಶವನ್ನು ಮಹಾನಗರ ಪ್ರದೇಶ ಎಂದು ಕರೆದಿದೆ. ವಿಶ್ವಸಂಸ್ಥೆಯವರ ಮೆಗಾಸಿಟಿ ಅಂದರೆ 1 ಕೋಟಿ.

ಗೆರೆ ಎಲ್ಲಿ ಎಳೆದಿರಿ?

ತಲೆ ಎಣಿಸುವ ಮುಂಚೆ ಊರು ಎಲ್ಲಿ ಮುಗಿಯುತ್ತದೆ ಅಂತ ತೀರ್ಮಾನ ಆಗಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿ ನೋಡಿ. ಆಚೆ ಕೊಪ್ಪ. ಅಂಗಡಿ, ಆಟೋ, ಜನರ ಓಡಾಟ ಎಲ್ಲ ಒಂದೇ ಊರಿನಂತೆ ಸಾಗುತ್ತದೆ. ಆದರೆ ಸೇತುವೆಯ ಆ ತುದಿ ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಆಡಳಿತದ ಲೆಕ್ಕದಲ್ಲಿ ಕೊಪ್ಪದ ಒಬ್ಬರೂ ಕುಶಾಲನಗರಕ್ಕೆ ಸೇರುವುದಿಲ್ಲ. ಆಕಾಶದಿಂದ ಫೋಟೋ ತೆಗೆದರೆ ಎರಡನ್ನೂ ಬೇರೆ ಮಾಡುವುದು ಕಷ್ಟ.

ಇದೇ ತೊಂದರೆ ದೊಡ್ಡ ಪ್ರಮಾಣದಲ್ಲಿ ಜಗತ್ತಿನ ಪಟ್ಟಿಯನ್ನೇ ಅಲ್ಲಾಡಿಸಿತು. ವಿಶ್ವಸಂಸ್ಥೆಯ 2018ರ ವರದಿಯಲ್ಲಿ ಸುಮಾರು 3.7 ಕೋಟಿ ಜನರ ಟೋಕಿಯೋ ಮೊದಲು, ದೆಹಲಿ ಎರಡನೆಯದು. 2025ರ ವರದಿಯಲ್ಲಿ ಜಕಾರ್ತ ಸುಮಾರು 4.2 ಕೋಟಿಯೊಂದಿಗೆ ಮೊದಲು, ಢಾಕಾ ಎರಡು, ಟೋಕಿಯೋ ಮೂರು. ಏಳು ವರ್ಷದಲ್ಲಿ ಜಕಾರ್ತಕ್ಕೆ ಅಷ್ಟು ಕೋಟಿ ಜನ ಬಂದು ಇಳಿಯಲಿಲ್ಲ. ಅಳೆಯುವ ಕ್ರಮ ಬದಲಾಯಿತು. ಮೊದಲು ಆಯಾ ದೇಶ ಕೊಟ್ಟ ಗಡಿಯನ್ನೇ ಹೆಚ್ಚಾಗಿ ನಂಬುತ್ತಿದ್ದರು. ಈಗ ಭೂಮಿಯನ್ನು ಒಂದು ಚದರ ಕಿಲೋಮೀಟರಿನ ಚೌಕಗಳಾಗಿ ಹೆಚ್ಚುತ್ತಾರೆ. ಚೌಕವೊಂದಕ್ಕೆ ಕನಿಷ್ಠ 1,500 ಜನ ಇರುವ ಅಕ್ಕಪಕ್ಕದ ಚೌಕಗಳನ್ನು ಒಟ್ಟು ಸೇರಿಸಿ, 50,000 ದಾಟಿದರೆ ಅದು ನಗರ. ಜಿಲ್ಲೆ, ಪಾಲಿಕೆ, ಸೇತುವೆ ಯಾವುದನ್ನೂ ಕೇಳುವುದಿಲ್ಲ.

ಗಡಿ ತೀರಾ ಹಿಗ್ಗಿದರೂ ಕಷ್ಟ. ಚೀನಾದ ಚೊಂಗ್‌ಚಿಂಗ್ 3 ಕೋಟಿಗೂ ಮೀರಿದ ಜನರ ನಗರ ಅಂತ ಸುದ್ದಿಯಲ್ಲಿ ಓದಿರುತ್ತೀರಿ. ಅದರ ಆಡಳಿತ ವ್ಯಾಪ್ತಿ ಸುಮಾರು 82,000 ಚದರ ಕಿಲೋಮೀಟರ್. ಕೊಡಗಿನಂಥ ಇಪ್ಪತ್ತು ಜಿಲ್ಲೆ ಹಿಡಿಸುತ್ತದೆ. ಒಳಗೆ ಗುಡ್ಡ, ಗದ್ದೆ, ಹಳ್ಳಿ ಎಲ್ಲ ಇವೆ. ಅದೇ ಧಾಟಿಯಲ್ಲಿ ನಾವೂ ಸಂಪಾಜೆಯಿಂದ ಕುಟ್ಟದವರೆಗೆ ಗೆರೆ ಎಳೆದು 'ಕೊಡಗು ಮಹಾನಗರ' ಅಂದುಬಿಟ್ಟರೆ 5.5 ಲಕ್ಷ ಜನ ಸಿಗುತ್ತಾರೆ. ಪಾಲಿಕೆಗೆ ಬೇಕಾದ ತಲೆ ಇದೆ. ಆನೆಗಳ ಓಟಿಗೆ ಏನು ಮಾಡುವುದು ಅಂತ ಮಾತ್ರ ಯೋಚಿಸಬೇಕು.

ಜನ ಯಾಕೆ ಬರುತ್ತಾರೆ?

ನನಗೆ ಹೆಚ್ಚು ಒಪ್ಪಿಗೆಯಾಗುವ ಅಳತೆ ಇದು. ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ ಮಂಡಿಸಿದ ಕೇಂದ್ರ ಸ್ಥಳ ಸಿದ್ಧಾಂತದ ತಿರುಳು ಸರಳ. ಒಂದು ಊರಿನ ದೊಡ್ಡಸ್ತಿಕೆ ಅದು ಸುತ್ತಲಿನವರಿಗೆ ಏನು ಒದಗಿಸುತ್ತದೆ ಎನ್ನುವುದರಲ್ಲಿದೆ. ಅದರಲ್ಲಿ ಎರಡು ಮಾತು ಮುಖ್ಯ. ಒಂದು ಅಂಗಡಿಯೋ ಆಸ್ಪತ್ರೆಯೋ ಬದುಕಲು ಕನಿಷ್ಠ ಎಷ್ಟು ಜನ ಬೇಕು ಎನ್ನುವುದು ಒಂದು. ಆ ಸೇವೆಗಾಗಿ ಜನ ಹೆಚ್ಚೆಂದರೆ ಎಷ್ಟು ದೂರ ಬರುತ್ತಾರೆ ಎನ್ನುವುದು ಇನ್ನೊಂದು.

ಗೋಣಿಕೊಪ್ಪದಲ್ಲಿ ನಿಂತು ಇದನ್ನು ನೋಡಿ. ಅಕ್ಕಿ, ಸೋಪು, ಬೀಡಿ ಬೇಕಾದರೆ ಬಾಳೆಲೆಯವರು ಬಾಳೆಲೆಯಲ್ಲೇ ತೆಗೆದುಕೊಳ್ಳುತ್ತಾರೆ. ಆದರೆ ಫೆಬ್ರವರಿ-ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟು ತೋಟಕ್ಕೆ ನೀರು ಹೊಡೆಯುವಾಗ ಪಂಪ್ ಕೆಟ್ಟರೆ? ಸ್ಪ್ರಿಂಕ್ಲರ್ ಪೈಪಿನ ವಾಷರ್, ಪಂಪಿನ ಸ್ಪೇರ್, ರಿಪೇರಿಯವರು, ಇದಕ್ಕೆಲ್ಲ ಗೋಣಿಕೊಪ್ಪಕ್ಕೇ ಬರಬೇಕು. ಕಾಫಿ, ಕರಿಮೆಣಸು ಕೊಳ್ಳುವವರೂ ಇಲ್ಲೇ. ಬಾಳೆಲೆ, ಪೊನ್ನಂಪೇಟೆ, ತಿತಿಮತಿ ಕಡೆಯ ಜೀಪುಗಳು ಇಲ್ಲಿ ಸೇರುತ್ತವೆ. ಆ ದಿನ ಆ ರೈತನ ಪಾಲಿಗೆ ಗೋಣಿಕೊಪ್ಪ ಮಡಿಕೇರಿಗಿಂತ ದೊಡ್ಡ ಊರು.

ಇದರ ಮೇಲಿನ ಮೆಟ್ಟಿಲು ಮಡಿಕೇರಿ. ಡಿಸಿ ಕಚೇರಿ, ಜಿಲ್ಲಾ ನ್ಯಾಯಾಲಯ, ವೈದ್ಯಕೀಯ ಕಾಲೇಜು. ಜಮ್ಮಾ ಜಾಗದ (ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿ) ಕಾಗದ ಹಿಡಿದು ನಾಪೋಕ್ಲಿನವರೂ ಸೋಮವಾರಪೇಟೆಯವರೂ ಹತ್ತುವುದು ಇದೇ ಗುಡ್ಡ. ಶುಕ್ರವಾರದ ಸಂತೆ ದಿನ ಊರು ಹಿಗ್ಗುತ್ತದೆ, ದಸರಾ ದಶಮಂಟಪದ ಮೆರವಣಿಗೆಯ ರಾತ್ರಿ ಕಾಲಿಡಲು ಜಾಗ ಇರುವುದಿಲ್ಲ. ವಾರಾಂತ್ಯದ ಪ್ರವಾಸಿಗರು ಬೇರೆ. ನೀರು, ಕಸ, ಪಾರ್ಕಿಂಗ್ ಎಲ್ಲದರ ಹೊರೆ ಇವರನ್ನೂ ಸೇರಿಸಿಯೇ. ಗಣತಿಯ 33,381ರಲ್ಲಿ ಇವರು ಯಾರೂ ಇಲ್ಲ, ಅದು ಅಲ್ಲೇ ವಾಸ ಇರುವವರ ಲೆಕ್ಕ.

ಅದಕ್ಕೂ ಮೇಲಿನ ಮೆಟ್ಟಿಲು ಜಿಲ್ಲೆಯ ಹೊರಗಿದೆ. ಕೊಡಗಿನಲ್ಲಿ ರೈಲು ಮಾರ್ಗ ಇಲ್ಲ, ರೈಲಿಗೆ ಮೈಸೂರು. ವಿರಾಜಪೇಟೆ ಕಡೆಯವರು ವಿಮಾನಕ್ಕೆ ಮಾಕುಟ್ಟ ಘಾಟಿ ಇಳಿದು ಕೇರಳದ ಮಟ್ಟನ್ನೂರಿಗೆ ಹೋಗುತ್ತಾರೆ. ಕಣ್ಣೂರು ವಿಮಾನ ನಿಲ್ದಾಣ 2018ರಿಂದ ಅಲ್ಲಿದೆ. ಅಂದಹಾಗೆ, ಕ್ರಿಸ್ಟಾಲರ್ ಲೆಕ್ಕ ಹಾಕಿದ್ದು ಎಲ್ಲ ಕಡೆ ಸಮನಾಗಿ ಜನ ಇರುವ ಸಪಾಟು ನೆಲಕ್ಕೆ. ಪ್ರತಿ ಊರಿನ ಸೇವಾ ವ್ಯಾಪ್ತಿಗೆ ಅವರು ಬರೆದ ಷಟ್ಕೋನಗಳನ್ನು ನಮ್ಮ ಘಟ್ಟದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಮಳೆಗಾಲದಲ್ಲಿ ಇಲ್ಲಿ ದೂರ ಅಳೆಯುವುದು ಕಿಲೋಮೀಟರಿನಲ್ಲಲ್ಲ, ಗಂಟೆಯಲ್ಲಿ.

ಕೊನೆಗೆ ಒಂದು ಸಣ್ಣ ಲೆಕ್ಕ, ಪರೀಕ್ಷೆಯಲ್ಲಿ ಬಂದರೂ ಬರಬಹುದು. ಶ್ರೇಣಿ-ಗಾತ್ರ ನಿಯಮದ ಪ್ರಕಾರ ಎರಡನೇ ನಗರ ಮೊದಲನೆಯದರ ಅರ್ಧ ಇರಬೇಕು, ಮೂರನೆಯದು ಮೂರನೇ ಒಂದು ಭಾಗ. 2011ರಲ್ಲಿ ಬೆಂಗಳೂರು ನಗರ ಸಮೂಹದಲ್ಲಿ (ನಗರ ಮತ್ತು ಅದಕ್ಕೆ ಅಂಟಿಕೊಂಡು ಬೆಳೆದ ಪ್ರದೇಶ ಸೇರಿ) ಸುಮಾರು 85 ಲಕ್ಷ ಜನ. ಹಾಗಾದರೆ ರಾಜ್ಯದಲ್ಲಿ ಎರಡನೆಯದಾದ ಮೈಸೂರಿನಲ್ಲಿ 42 ಲಕ್ಷ ಇರಬೇಕಿತ್ತು. ಇದ್ದದ್ದು 10 ಲಕ್ಷಕ್ಕೂ ಸ್ವಲ್ಪ ಕಡಿಮೆ. ಹೀಗೆ ಒಂದೇ ನಗರ ಉಳಿದವನ್ನೆಲ್ಲ ಮೀರಿ ಬೆಳೆದರೆ ಅದನ್ನು ಪ್ರಧಾನ ನಗರ ಎನ್ನುತ್ತಾರೆ. 1939ರಲ್ಲಿ ಮಾರ್ಕ್ ಜೆಫರ್ಸನ್ ಕೊಟ್ಟ ಕಲ್ಪನೆ ಇದು. ಉತ್ತರ ಬರೆಯುವಾಗ ಸಂಖ್ಯೆಯ ಪಕ್ಕದಲ್ಲಿ ವರ್ಷವನ್ನೂ, ಪಾಲಿಕೆಯದ್ದೋ ನಗರ ಸಮೂಹದ್ದೋ ಎನ್ನುವುದನ್ನೂ ಬರೆಯಿರಿ. ಮೈಸೂರಿಗೇ ಎರಡು ಲೆಕ್ಕ ಇದೆ, ಎರಡೂ ಸರಿ.