ಇಲಿನಾಯ್‌ನ ಕೇರೋ ಊರು ಖಾಲಿಯಾಗಿದ್ದು ಪ್ರವಾಹದಿಂದಲಾ?

ಓದುಗರ ಪ್ರಶ್ನೆ: "ಅಮೆರಿಕದಲ್ಲಿ ಕೈರೋ ಅನ್ನುವ ಊರಿನ ವಿಡಿಯೋ ನೋಡಿದೆ. ಎರಡು ದೊಡ್ಡ ನದಿಗಳ ಮಧ್ಯೆ ಇದೆ. ಮುಖ್ಯ ಬೀದಿಯ ಅಂಗಡಿಗಳೆಲ್ಲ ಪಾಳು ಬಿದ್ದಿವೆ. ಒಂದು ಕಾಲಕ್ಕೆ 15 ಸಾವಿರ ಜನ ಇದ್ದರಂತೆ. ಪ್ರವಾಹ ಬಂದು ಎಲ್ಲರೂ ಊರು ಬಿಟ್ಟರಾ?"

ಇಲ್ಲ. ನಕ್ಷೆ ನೋಡಿದವರಿಗೆ ಮೊದಲು ನೀರಿನ ಮೇಲೇ ಅನುಮಾನ ಬರುತ್ತದೆ. ಅದು ಸಹಜ. ಆದರೆ ಈ ಊರಿನ ಜನ ಕಡಿಮೆಯಾಗಿದ್ದಕ್ಕೆ ನದಿಯನ್ನು ದೂರಿದರೆ, ನಿಜವಾಗಿ ನಡೆದದ್ದು ಮುಚ್ಚಿಹೋಗುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಹೆಸರು. ಬರೆಯುವುದು ಈಜಿಪ್ಟಿನ ಕೈರೋ ಥರವೇ. ಅಲ್ಲಿಯ ಜನ ಮಾತ್ರ ‘ಕೇರೋ’ ಅನ್ನುತ್ತಾರೆ. ನಾವೂ ಹಾಗೇ ಕರೆಯೋಣ, ಗೊಂದಲ ಇರುವುದಿಲ್ಲ. ಇಲಿನಾಯ್ ರಾಜ್ಯದ ದಕ್ಷಿಣದ ತುತ್ತತುದಿಯಲ್ಲಿ, ಮಿಸಿಸಿಪ್ಪಿಗೆ ಒಹಾಯೊ ನದಿ ಬಂದು ಸೇರುವ ಜಾಗದಲ್ಲಿ ಊರಿದೆ. ನೈಲ್ ನದಿಯ ಬಯಲು ನೆನಪಾಗಿ ಈ ಹೆಸರು ಇಟ್ಟರು. ಸುತ್ತಮುತ್ತ ಥೀಬ್ಸ್, ಕಾರ್ನಾಕ್ ಅನ್ನುವ ಊರುಗಳೂ ಇವೆ. ಆ ಸೀಮೆಗೇ ‘ಲಿಟಲ್ ಈಜಿಪ್ಟ್’ ಎಂಬ ಅಡ್ಡಹೆಸರು.

ಶಿಕಾಗೊ ಕೂಡ ಇದೇ ರಾಜ್ಯದಲ್ಲಿದೆ, ಆದರೆ ಇಲ್ಲಿಂದ ಸುಮಾರು 600 ಕಿ.ಮೀ. ದೂರ. ನದಿ ದಾಟಿದರೆ ಒಂದು ಕಡೆ ಕೆಂಟಕಿ, ಇನ್ನೊಂದು ಕಡೆ ಮಿಸೌರಿ. ಹಿಂದೆ ಎರಡೂ ಗುಲಾಮಗಿರಿ ಇದ್ದ ರಾಜ್ಯಗಳು. ದಕ್ಷಿಣದ ಬಂಡಾಯ ರಾಜ್ಯಗಳ ರಾಜಧಾನಿಯಾಗಿದ್ದ ರಿಚ್ಮಂಡ್‌ಗಿಂತಲೂ ಕೇರೋ ಇನ್ನಷ್ಟು ದಕ್ಷಿಣಕ್ಕಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನೀರಿನ ವಿಷಯ. ಸಂಗಮದ ಜಾಗ ಸಮುದ್ರಮಟ್ಟದಿಂದ 279 ಅಡಿ ಎತ್ತರದಲ್ಲಿದೆ. ಇಡೀ ಇಲಿನಾಯ್‌ಗೆ ಅದೇ ಅತಿ ತಗ್ಗಿನ ಜಾಗ. ಎರಡು ನದಿಗಳಲ್ಲಿ ಮಿಸಿಸಿಪ್ಪಿಯ ಹೆಸರು ದೊಡ್ಡದು, ಆದರೆ ಆ ಜಾಗದಲ್ಲಿ ಜಾಸ್ತಿ ನೀರು ತರುವುದು ಒಹಾಯೊ. ಇಂಥ ಕಡೆ ಊರು ಕಟ್ಟಿದರೆ ಮುಳುಗುವುದೇ ಅಲ್ವಾ? ಶುರುವಿನಲ್ಲಿ ಹಾಗೇ ಆಯಿತು. 1818ರಲ್ಲಿ ಒಂದು ಕಂಪನಿ ಊರು ಕಟ್ಟಲು ಹೊರಟು ಸೋತಿತು. 1837ರಲ್ಲಿ ಇನ್ನೊಂದು ಕಂಪನಿ ಬಂತು, ಅದೂ ಕೆಲವೇ ವರ್ಷಗಳಲ್ಲಿ ಕೈಚೆಲ್ಲಿತು. ಕಡೆಗೆ 1850ರ ದಶಕದಲ್ಲಿ ಇಲಿನಾಯ್ ಸೆಂಟ್ರಲ್ ರೈಲು ಬಂದ ಮೇಲೆ ಊರು ಬೇರು ಬಿಟ್ಟಿತು. 1858ರ ಜೂನ್‌ನಲ್ಲಿ ಏರಿ ಒಡೆದು ನೀರು ಒಳಗೆ ನುಗ್ಗಿತು.

ಅಲ್ಲಿಂದ ಮುಂದೆ ಜನ ಪಾಠ ಕಲಿತರು. ಊರಿನ ಸುತ್ತ ಏರಿ, ಒಹಾಯೊ ಕಡೆಗೆ ಕಾಂಕ್ರೀಟ್ ಗೋಡೆ. ಉತ್ತರದಿಂದ ಊರೊಳಗೆ ಬರುವ ಹೆದ್ದಾರಿ ರೈಲು ಏರಿಯ ಕೆಳಗೆ ಹಾದು ಬರುತ್ತದೆ. ಅಲ್ಲಿ 1914ರಲ್ಲಿ ಒಂದು ಉಕ್ಕಿನ ಬಾಗಿಲು ಕೂರಿಸಿದರು. ಸುಮಾರು 80 ಟನ್ ತೂಕ. ನೀರು ಏರಿದಾಗ ಅದನ್ನು ಇಳಿಸಿದರೆ ಇಡೀ ಊರು ಕೋಟೆಯಂತೆ ಮುಚ್ಚಿಕೊಳ್ಳುತ್ತದೆ. 1927ರ ಮಹಾಪ್ರವಾಹದಲ್ಲಿ ಕೇರೋ ಉಳಿಯಿತು. 1937ರಲ್ಲಿ ನದಿ ಅಳತೆಗಂಬದಲ್ಲಿ 59.5 ಅಡಿ ಮುಟ್ಟಿತು, ಆಗಲೂ ಉಳಿಯಿತು.

2011ರಲ್ಲಿ ಮಾತ್ರ ಎಲ್ಲರ ಎದೆ ನಡುಗಿತು. ಮೇ 1ರಂದು ಊರು ಬಿಡಲು ಆದೇಶವಾಯಿತು. ಮರುದಿನ ನೀರು 61.72 ಅಡಿಗೆ ಏರಿತು. ಗೋಡೆ ತಡೆಯುವುದು 64 ಅಡಿವರೆಗೆ. ಮಿಸೌರಿ ಕಡೆಯ ಬರ್ಡ್ಸ್ ಪಾಯಿಂಟ್ ಎಂಬಲ್ಲಿ ಏರಿಯನ್ನು ಸ್ಫೋಟಿಸಿದರೆ ನೀರು ಹೊಲಗಳ ಕಡೆ ಹರಿದು ಒತ್ತಡ ಇಳಿಯುತ್ತದೆ. 1927ರ ಪ್ರವಾಹದ ನಂತರ ಹಾಕಿಟ್ಟಿದ್ದ ಯೋಜನೆ ಅದು. ಮಿಸೌರಿ ಸರ್ಕಾರ ಅದನ್ನು ತಡೆಯಲು ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಸೋತಿತು. ಹೊಲ ಮುಳುಗಬೇಕೋ ಕೇರೋ ಮುಳುಗಬೇಕೋ ಎಂದು ಕೇಳಿದಾಗ, ಆ ರಾಜ್ಯದ ಒಬ್ಬ ಹಿರಿಯ ರಾಜಕಾರಣಿ ಕೇರೋ ಎಂದೇ ಉತ್ತರಿಸಿದ್ದರು. ಆಮೇಲೆ ಕ್ಷಮೆ ಕೇಳಿದರು. ಮೇ 2ರ ರಾತ್ರಿ ಸೇನೆಯ ಎಂಜಿನಿಯರುಗಳು ಏರಿ ಸ್ಫೋಟಿಸಿದರು. 1,30,000 ಎಕರೆ ಭೂಮಿ ನೀರಿನಡಿ ಹೋಯಿತು. ಕೇರೋ ಉಳಿಯಿತು. ಆ ಹೊಲಗಳ ನಡುವೆ ಪಿನ್‌ಹುಕ್ ಎಂಬ ಪುಟ್ಟ ಹಳ್ಳಿಯಿತ್ತು. ಅಲ್ಲಿದ್ದವರು ಕಪ್ಪು ಜನ, ತಮ್ಮ ಸ್ವಂತ ನೆಲದಲ್ಲಿ ಕಟ್ಟಿಕೊಂಡ ಹಳ್ಳಿ. ಅದು ಅಂದು ಹಾಳಾಯಿತು. ಕೇರೋ ಉಳಿದ ಕಥೆ ಹೇಳುವಾಗ ಪಿನ್‌ಹುಕ್ ಹೆಸರು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಹಾಗಾದರೆ ಜನ ಎಲ್ಲಿ ಹೋದರು?

ಜನಗಣತಿಯನ್ನೇ ಕೇಳೋಣ. ಅಮೆರಿಕದಲ್ಲೂ ಹತ್ತು ವರ್ಷಕ್ಕೊಮ್ಮೆ ಎಣಿಸುತ್ತಾರೆ, ಸೊನ್ನೆಯಲ್ಲಿ ಮುಗಿಯುವ ವರ್ಷಗಳಲ್ಲಿ. ಕೇರೋದಲ್ಲಿ 1860ರಲ್ಲಿ ಇದ್ದವರು 2,188 ಜನ. 1900ಕ್ಕೆ 12,566. 1920ಕ್ಕೆ 15,203, ಅದೇ ತುದಿ. ಆಮೇಲೆ ಇಳಿತ: 1950ಕ್ಕೆ 12,123, 1960ಕ್ಕೆ 9,348, 1970ಕ್ಕೆ 6,277, 1980ಕ್ಕೆ 5,931. 2000ದಲ್ಲಿ 3,632. 2010ರಲ್ಲಿ 2,831. 2020ರಲ್ಲಿ 1,733. ಸುಮ್ನೆ ಓದಿಕೊಂಡು ಹೋದರೆ ಒಂದೇ ಸಮನೆ ಇಳಿದಂತೆ ಕಾಣುತ್ತದೆ. ಹಾಗಿಲ್ಲ. ಯಾವ ಹತ್ತು ವರ್ಷದಲ್ಲಿ ಎಷ್ಟು ಜನ ಹೋದರು ಎಂದು ಕಳೆದು ನೋಡಿ, ಕಥೆ ಅಲ್ಲೇ ಸಿಗುತ್ತದೆ.

ಏರಿಕೆಯ ಕಾಲ ಅರ್ಥ ಮಾಡಿಕೊಳ್ಳುವುದು ಸುಲಭ. ದಾಟಿಸುವುದೇ ಕೇರೋದ ಕಸುಬು. ಉತ್ತರದ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದ ಹೊತ್ತಿಗೆ, 1861ರ ಸೆಪ್ಟೆಂಬರ್‌ನಲ್ಲಿ, ಮುಂದೆ ಅಧ್ಯಕ್ಷರಾದ ಯುಲಿಸಿಸ್ ಗ್ರಾಂಟ್ ಇಲ್ಲೇ ಸೇನೆಯ ಠಾಣ್ಯ ಹೂಡಿದರು. 1862ರ ಫೆಬ್ರುವರಿಯಲ್ಲಿ ಟೆನೆಸಿಯ ಕೋಟೆಗಳ ಮೇಲೆ ದಂಡೆತ್ತಿ ಹೊರಟಿದ್ದು ಇಲ್ಲಿಂದಲೇ. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಸಾವಿರಾರು ಕಪ್ಪು ಜನ ನದಿ ದಾಟಿ ಇಲ್ಲಿಗೆ ಬಂದರು. ಹಲವರು ಇಲ್ಲೇ ನೆಲೆ ನಿಂತರು. 1900ರ ಹೊತ್ತಿಗೆ ಊರಿನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಅವರೇ. ಯುದ್ಧ ಮುಗಿದ ಮೇಲೆ ಸ್ಟೀಮರ್‌ಗಳು, ರೈಲು, ಹಿಟ್ಟಿನ ಮಿಲ್ಲು, ಮರದ ವ್ಯಾಪಾರ. ರೈಲಿನ ಡಬ್ಬಿಗಳನ್ನೇ ದೋಣಿಗೆ ಏರಿಸಿ ನದಿ ದಾಟಿಸುತ್ತಿದ್ದರು. 1872ರಲ್ಲಿ ಮುಗಿದ ಕಸ್ಟಮ್ ಹೌಸ್ (ಸುಂಕದ ಕಚೇರಿ) ಎಂಬ ಕಲ್ಲಿನ ಕಟ್ಟಡ ಇವತ್ತೂ ನಿಂತಿದೆ. ಊರಿಗೆ ಎಷ್ಟು ದುಡ್ಡು ಹರಿದು ಬರುತ್ತಿತ್ತು ಎಂಬುದು ಅದನ್ನು ನೋಡಿದರೆ ತಿಳಿಯುತ್ತದೆ.

ದಾಟಿಸುವ ಕೆಲಸ ಸೇತುವೆ ಬಂದರೆ ಮುಗಿಯಿತು. ಒಹಾಯೊ ಮೇಲೆ ರೈಲು ಸೇತುವೆ 1889ರಲ್ಲಿ, ಮೇಲ್ಗಡೆ ಥೀಬ್ಸ್‌ನಲ್ಲಿ ಮಿಸಿಸಿಪ್ಪಿಗೆ ಇನ್ನೊಂದು 1905ರಲ್ಲಿ. ರಸ್ತೆ ಸೇತುವೆಗಳು 1929 ಮತ್ತು 1938ರಲ್ಲಿ. ಒಂದೊಂದು ಸೇತುವೆಯೂ ಒಂದಷ್ಟು ದೋಣಿಯವರ, ಹಮಾಲರ ಕೂಲಿ ಕಿತ್ತುಕೊಂಡಿತು. ನದಿ ಸಾಗಣೆ ನಂಬಿದ್ದ ಎಷ್ಟೋ ಊರುಗಳಿಗೆ ಹೀಗೇ ಆಯಿತು. ಆದರೆ ಅವೆಲ್ಲ ಒಂಬತ್ತರಲ್ಲಿ ಎಂಟು ಪಾಲು ಜನರನ್ನು ಕಳೆದುಕೊಳ್ಳಲಿಲ್ಲ.

ಇಲ್ಲಿಂದ ಮುಂದಿನದು ಹೇಳಲು ಕಷ್ಟವಾದ ಭಾಗ. 1909ರ ನವೆಂಬರ್ 11ರ ರಾತ್ರಿ ವಿಲಿಯಂ ಜೇಮ್ಸ್ ಎಂಬ ಕಪ್ಪು ಮನುಷ್ಯನನ್ನು, ಕೊಲೆಯ ಆರೋಪದ ಮೇಲೆ, ಯಾವ ವಿಚಾರಣೆಯೂ ಇಲ್ಲದೆ ಗುಂಪೊಂದು ಮುಖ್ಯ ಬೀದಿಯಲ್ಲಿ ಕೊಂದಿತು. ಸೇರಿದ್ದವರು ಸುಮಾರು ಹತ್ತು ಸಾವಿರ ಎಂದು ಅಂದಾಜು. ಮರುವರ್ಷದ ಗಣತಿಯಲ್ಲಿ ಊರಿನ ಜನಸಂಖ್ಯೆ 14,548. ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಸ್ವಲ್ಪ ಹೊತ್ತು ಮುಂದೆ ಓದಲು ಆಗಲಿಲ್ಲ. ಅದೇ ರಾತ್ರಿ ಒಬ್ಬ ಬಿಳಿಯ ಕೈದಿಯನ್ನೂ ಜೈಲಿನಿಂದ ಎಳೆದು ಕೊಂದರು. ಕೈದಿಯನ್ನು ಗುಂಪಿನ ಕೈಗೆ ಬಿಟ್ಟ ಷರೀಫನ (ಕೌಂಟಿಯ ಪೊಲೀಸ್ ಮುಖ್ಯಸ್ಥ; ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಹುದ್ದೆ ಹೋಗಬೇಕು ಎಂಬ ಕಾನೂನು ಇಲಿನಾಯ್‌ನಲ್ಲಿತ್ತು. ಷರೀಫ ತನ್ನ ಹುದ್ದೆ ವಾಪಸ್ ಕೇಳಿದ. ಪತ್ರಕರ್ತೆ ಐಡಾ ಬಿ. ವೆಲ್ಸ್ ಶಿಕಾಗೊದಿಂದ ಕೇರೋಗೆ ಬಂದು, ಜನರನ್ನು ಮಾತಾಡಿಸಿ, ಗವರ್ನರ್ ಮುಂದೆ ವಾದಿಸಿದರು. ಗೆದ್ದರು. ಷರೀಫನಿಗೆ ಹುದ್ದೆ ಸಿಗಲಿಲ್ಲ.

ಅರ್ಧ ಶತಮಾನ ಕಳೆದರೂ ಊರು ಎರಡು ಭಾಗವಾಗಿಯೇ ಇತ್ತು. ಈಜುಕೊಳಕ್ಕೆ ‘ಖಾಸಗಿ ಕ್ಲಬ್’ ಎಂದು ಹೆಸರು ಕೊಟ್ಟು ಕಪ್ಪು ಮಕ್ಕಳನ್ನು ಹೊರಗಿಟ್ಟಿದ್ದರು. 1962ರಲ್ಲಿ ಯುವಕರು ಅದರ ಮುಂದೆ ಪ್ರತಿಭಟನೆಗೆ ಕೂತರು. ಮುಂದೆ ಸಂಸದರಾದ ಜಾನ್ ಲೂಯಿಸ್ ಅಲ್ಲಿ ಮಂಡಿಯೂರಿ ಪ್ರಾರ್ಥಿಸುವ ಚಿತ್ರ ಕಪ್ಪು ಜನರ ಹಕ್ಕಿನ ಚಳವಳಿಯ ಪೋಸ್ಟರ್ ಆಯಿತು. ಎಲ್ಲರಿಗೂ ತೆರೆಯುವುದು ಅನಿವಾರ್ಯವಾದಾಗ ಕೊಳವನ್ನೇ ಮುಚ್ಚಿದರು. ಆಮೇಲೆ ಸಿಮೆಂಟ್ ಸುರಿದು ತುಂಬಿದರು. ತಮ್ಮ ಮಕ್ಕಳಿಗೂ ಬೇಡ, ಬೇರೆಯವರ ಮಕ್ಕಳಿಗೂ ಬೇಡ. ಕೇರೋಗೆ ಏನಾಯಿತು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕೊಳದ ವಿಷಯ.

1967ರ ಜುಲೈಯಲ್ಲಿ 19 ವರ್ಷದ ಕಪ್ಪು ಸೈನಿಕನೊಬ್ಬ ಪೊಲೀಸ್ ಠಾಣೆಯಲ್ಲಿ ನೇಣು ಬಿಗಿದ ಸ್ಥಿತಿಯಲ್ಲಿ ಸಿಕ್ಕ. ಆತ್ಮಹತ್ಯೆ ಎಂದರು ಪೊಲೀಸರು. ಕಪ್ಪು ಜನ ನಂಬಲಿಲ್ಲ. ಗಲಭೆಯಾಯಿತು, ರಾಜ್ಯದ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ಬಂತು. ಬಿಳಿಯರು ‘ವೈಟ್ ಹ್ಯಾಟ್ಸ್’ ಎಂಬ ಹೆಸರಿನ ಬಂದೂಕುಧಾರಿ ಪಡೆ ಕಟ್ಟಿಕೊಂಡರು. ಕಪ್ಪು ಜನರಿದ್ದ ಪಿರಮಿಡ್ ಕೋರ್ಟ್ಸ್ ವಸತಿಯ ಮೇಲೆ ರಾತ್ರಿ ಹೊತ್ತು ಗುಂಡು ಹಾರುತ್ತಿತ್ತು. ಗುಂಡು ತಗಲದಿರಲಿ ಎಂದು ಸ್ನಾನದ ತೊಟ್ಟಿಯಲ್ಲಿ ಮಲಗುತ್ತಿದ್ದುದನ್ನು ಅಲ್ಲಿದ್ದವರು ನೆನೆಸಿಕೊಂಡಿದ್ದಾರೆ. 1969ರಲ್ಲಿ ಪಾದ್ರಿ ಚಾರ್ಲ್ಸ್ ಕೋಯೆನ್ ಮುಂದಾಳತ್ವದ ಯುನೈಟೆಡ್ ಫ್ರಂಟ್ ಎಂಬ ಕಪ್ಪು ಜನರ ಸಂಘಟನೆ, ಬಿಳಿಯರ ಅಂಗಡಿಗಳಿಗೆ ಬಹಿಷ್ಕಾರ ಹಾಕಿತು. ಅವರು ಕೇಳಿದ್ದು ತೀರಾ ಸರಳ: ನಮ್ಮ ದುಡ್ಡು ಬೇಕಾದರೆ ನಮ್ಮವರನ್ನೂ ಕೆಲಸಕ್ಕೆ ಇಟ್ಟುಕೊಳ್ಳಿ. ಹೆಚ್ಚಿನ ಅಂಗಡಿಯವರು ಅದಕ್ಕೆ ಒಪ್ಪದೆ ಬಾಗಿಲು ಹಾಕಿದರು. ನೀವು ವಿಡಿಯೋದಲ್ಲಿ ನೋಡಿದ ಪಾಳು ಸಾಲಿನಲ್ಲಿ ಆ ಅಂಗಡಿಗಳೂ ಇವೆ.

ಬಹಿಷ್ಕಾರದಿಂದಲೇ ಊರು ಹಾಳಾಯಿತು ಎಂಬ ಮಾತು ತುಂಬಾ ಕೇಳಿಬರುತ್ತದೆ. ಮೇಲೆ ಕೊಟ್ಟ ಗಣತಿಗೆ ವಾಪಸ್ ಹೋಗಿ. 1950ರಿಂದ 60ರೊಳಗೆ ಕಡಿಮೆಯಾದವರು 2,775. ಅರವತ್ತರ ದಶಕದಲ್ಲಿ 3,071. ಆ ದಶಕದಲ್ಲೇ ಮೂರರಲ್ಲೊಂದು ಪಾಲು ಖಾಲಿ. ಬಹಿಷ್ಕಾರ ಶುರುವಾಗಿದ್ದು 1969ರ ಏಪ್ರಿಲ್‌ನಲ್ಲಿ, 1970ರ ಗಣತಿಗೆ ಒಂದೇ ವರ್ಷ ಮೊದಲು. ಬಹಿಷ್ಕಾರ ಮುಂದುವರಿದ ಎಪ್ಪತ್ತರ ದಶಕದಲ್ಲಿ ಕಡಿಮೆಯಾಗಿದ್ದು ಬರೀ 346 ಜನ. ಅಂದರೆ ಬಹಿಷ್ಕಾರಕ್ಕೆ ಮುಂಚೆಯೇ ಊರು ಅರ್ಧಕ್ಕರ್ಧ ಬರಿದಾಗುತ್ತಾ ಬಂದಿತ್ತು. ಕೆಲಸ ಕಡಿಮೆಯಾಗುತ್ತಿದ್ದ ಊರಿನಲ್ಲಿ ಇದ್ದಷ್ಟನ್ನು ಹಂಚಿಕೊಳ್ಳಲು ಬಿಳಿಯರು ಒಪ್ಪಲಿಲ್ಲ, ಅದೇ ಇಳಿತವನ್ನು ಇಷ್ಟು ಕಡಿದಾಗಿಸಿತು. ಇದು ನನ್ನ ತೀರ್ಮಾನ. ಅನ್ಯಾಯದ ವಿರುದ್ಧ ನಿಂತವರ ತಲೆಗೆ ಊರು ಹಾಳಾದ ಪಾಪ ಕಟ್ಟುವುದನ್ನು ಈ ಅಂಕಿಗಳು ಒಪ್ಪುವುದಿಲ್ಲ.

ಆಮೇಲಿನದು ಬೇಗ ಹೇಳಬಹುದು. 1978ರಲ್ಲಿ ಇಂಟರ್‌ಸ್ಟೇಟ್ 57 ಹೆದ್ದಾರಿಯ ಸೇತುವೆ ಬಂತು. ವಾಹನಗಳು ಊರೊಳಗೆ ಬರದೆ ಪಕ್ಕದಿಂದಲೇ ಹೊರಟುಹೋಗತೊಡಗಿದವು. 1986ರಲ್ಲಿ ಆಸ್ಪತ್ರೆ ಮುಚ್ಚಿತು. 2013ರಲ್ಲಿ ಹತ್ತಿರದ ಟಾಮ್ಸ್‌ನ ಜೈಲು ಮುಚ್ಚಿ ನೌಕರಿಗಳು ಹೋದವು. 2015ರಲ್ಲಿ ದಿನಸಿ ಅಂಗಡಿಯೂ ಹೋಯಿತು.

ಕೊನೆಯ ದೊಡ್ಡ ಪೆಟ್ಟು ಬಿದ್ದದ್ದು 2017ರಲ್ಲಿ. ಎಲ್ಮ್‌ವುಡ್, ಮೆಕ್‌ಬ್ರೈಡ್ ಎಂಬ ಎರಡು ಸರ್ಕಾರಿ ವಸತಿಗಳು 1940ರ ದಶಕದವು. ವರ್ಷಗಟ್ಟಲೆ ದುರಸ್ತಿ ಇರಲಿಲ್ಲ. ಗೋಡೆಗೆ ಬೂಷ್ಟು, ಮನೆತುಂಬ ಇಲಿ, ಚಳಿಗಾಲದಲ್ಲಿ ಕಾವು ಇಲ್ಲ. ಕೇಂದ್ರದ ವಸತಿ ಇಲಾಖೆ ಅವನ್ನು ಕೆಡವುವುದಾಗಿ ಹೇಳಿತು. ಸುಮಾರು 185 ಕುಟುಂಬಗಳು, ಹೆಚ್ಚುಕಡಿಮೆ 400 ಜನ. ಬೇರೆ ಮನೆಗೆ ಬಾಡಿಗೆ ಸಹಾಯದ ಚೀಟಿ ಕೊಟ್ಟರು, ಆದರೆ ಕೇರೋದಲ್ಲಿ ಬಾಡಿಗೆಗೆ ಮನೆ ಇದ್ದರೆ ತಾನೇ? ಜನ ನದಿಯಾಚೆಯ ಕೇಪ್ ಜಿರಾರ್ಡೊ, ಪಡೂಕ ಕಡೆ ಮನೆ ಹುಡುಕಿಕೊಂಡು ಹೋಗಬೇಕಾಯಿತು. 2010ರಿಂದ 2020ರ ನಡುವೆ ಕೇರೋ ಇರುವ ಅಲೆಕ್ಸಾಂಡರ್ ಕೌಂಟಿ 8,238ರಿಂದ 5,240ಕ್ಕೆ ಇಳಿಯಿತು. ಶೇಕಡಾ ಲೆಕ್ಕದಲ್ಲಿ ಇಡೀ ಅಮೆರಿಕದಲ್ಲಿ ಅಷ್ಟು ಜನರನ್ನು ಕಳೆದುಕೊಂಡ ಕೌಂಟಿ ಇನ್ನೊಂದಿಲ್ಲ. ಇದಕ್ಕೂ ನದಿಗೂ ಸಂಬಂಧವಿಲ್ಲ.

ವಿಡಿಯೋಗಳಲ್ಲಿ ಇದನ್ನು ‘ಭೂತದ ಊರು’ ಎನ್ನುತ್ತಾರೆ. ಆ ಮಾತು ನನಗೆ ಇಷ್ಟವಿಲ್ಲ. ಅಲ್ಲಿ ಮನೆಗಳಿವೆ, ಶಾಲೆಯಿದೆ, 1884ರಲ್ಲಿ ಕಟ್ಟಿದ ಸ್ಯಾಫರ್ಡ್ ಗ್ರಂಥಾಲಯವಿದೆ. ಉಳಿದವರಲ್ಲಿ ಹೆಚ್ಚಿನವರು ಕಪ್ಪು ಜನ. ನದಿ ದಾಟಿ ಬಿಡುಗಡೆ ಹುಡುಕಿಕೊಂಡು ಬಂದವರ ಮರಿಮಕ್ಕಳೂ ಅವರಲ್ಲಿದ್ದಾರೆ. ಸಂಗಮದ ಬಳಿ ಬಂದರು ಕಟ್ಟಲು 2020ರಲ್ಲಿ ರಾಜ್ಯ ಸರ್ಕಾರ 4 ಕೋಟಿ ಡಾಲರ್ ಘೋಷಿಸಿತು. ಎಂಟು ವರ್ಷ ದಿನಸಿ ಅಂಗಡಿಯೇ ಇಲ್ಲದೆ, ತರಕಾರಿಗೂ ಬೇರೆ ಊರಿಗೆ ಹೋಗುತ್ತಿದ್ದ ಜನ 2023ರ ಜೂನ್‌ನಲ್ಲಿ ತಾವೇ ಸದಸ್ಯರಾಗಿ ಒಂದು ಸಹಕಾರಿ ಅಂಗಡಿ ತೆರೆದರು.